ಬಣ್ಣ ಹೊಸದೋ, ಬೈಕೇ ಹೊಸದೋ? ಇ-ಮೌಂಟನ್ ಬೈಕಿನ ಮಾಡೆಲ್ ಎಷ್ಟು ವರ್ಷಕ್ಕೊಮ್ಮೆ ಬದಲಾಗಬೇಕು

ದಸರಾ ಹತ್ತಿರವಾದಂತೆ ಕಲಬುರಗಿಯ ಸೈಕಲ್ ಅಂಗಡಿಗಳಲ್ಲಿ ಹಳೆ ಸ್ಟಾಕಿನ ಮೇಲೆ ರಿಯಾಯಿತಿ ಚೀಟಿ ಬೀಳುತ್ತದೆ. ಮೋಟಾರಿರುವ ಮೌಂಟನ್ ಬೈಕುಗಳೂ ಈಗ ಆ ಸಾಲಿನಲ್ಲಿ ನಿಂತಿವೆ. "ಕಾಕಾ, ಇದು ಹೋದ ವರ್ಷದ ಮಾಡೆಲ್ ಅಂತೀರಿ, ತಗೊಂಡ್ರ ನಡೀತದೇನ್ರಿ? ಮುಂದ ಬ್ಯಾಟರಿ ಸಿಗ್ತದೋ ಇಲ್ಲೋ?" ಎಂದು ಕೇಳುವವರು ತಪ್ಪೇನೂ ಕೇಳುತ್ತಿಲ್ಲ. ಸಾದಾ ಸೈಕಲ್ಲಿಗೆ ಈ ಚಿಂತೆ ಇರಲಿಲ್ಲ. ಇಪ್ಪತ್ತು ವರ್ಷದ ಹಳೆ ಸೈಕಲ್ಲಿಗೂ ಇವತ್ತು ಚೈನು, ಟ್ಯೂಬು, ಬ್ರೇಕ್ ರಬ್ಬರು ಯಾವ ಅಂಗಡಿಯಲ್ಲಾದರೂ ಸಿಗುತ್ತವೆ. ಮೋಟಾರು, ಬ್ಯಾಟರಿ, ಡಿಸ್‌ಪ್ಲೇ ಸೇರಿಕೊಂಡ ಮೇಲೆ ಮಾತು ಬೇರೆ. ಕಂಪನಿ ಮಾಡೆಲ್ ಬದಲಿಸಿದ ದಿನವೇ ನಮ್ಮ ಬೈಕಿನ ಬಿಡಿಭಾಗದ ಕಥೆಯೂ ಬದಲಾಗಬಹುದು.

ಇ-ಮೌಂಟನ್ ಬೈಕ್ ಎಂದರೆ ಯಾವುದು

ದಪ್ಪ ಟೈರು, ಮುಂದೆ ಜಂಪ್ ತಿನ್ನುವ ಸಸ್ಪೆನ್ಷನ್ ಫೋರ್ಕು (ದುಬಾರಿ ಬೈಕಿನಲ್ಲಿ ಹಿಂದೆಯೂ ಶಾಕ್ ಅಬ್ಸಾರ್ಬರ್), ಡಿಸ್ಕ್ ಬ್ರೇಕು, ಏರಿಗೆ ಬೇಕಾದ ಸಣ್ಣ ಗೇರು ಇದ್ದರೆ ಅದು ಮೌಂಟನ್ ಬೈಕು. ಅದಕ್ಕೆ ಮೋಟಾರು, ಬ್ಯಾಟರಿ ಕೂಡಿಸಿದರೆ ಇ-ಮೌಂಟನ್ ಬೈಕು. ಪೆಡಲ್ ತುಳಿದಾಗ ಮೋಟಾರು ಜೊತೆಗೆ ತಳ್ಳುವ ಈ ಉಪಾಯವನ್ನು ಮೊದಲು ಮಾರುಕಟ್ಟೆಗೆ ತಂದದ್ದು ಜಪಾನಿನ ಯಮಾಹಾ, 1993ರಲ್ಲಿ. ನಮ್ಮ ದೇಶದ ನಿಯಮದಂತೆ ಮೋಟಾರಿನ ಶಕ್ತಿ 250 ವ್ಯಾಟಿನೊಳಗೆ, ಮೋಟಾರಿನ ನೆರವು ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ನೋಂದಣಿಯೂ ಬೇಡ, ಲೈಸೆನ್ಸೂ ಬೇಡ.

ಮೋಟಾರು ಕೂರುವ ಜಾಗ ಎರಡು. ಹಿಂದಿನ ಗಾಲಿಯ ನಡುವೆ ಕೂತರೆ ಹಬ್ ಮೋಟಾರು, ಪೆಡಲ್ಲಿನ ಹತ್ತಿರ ಫ್ರೇಮಿನ ಹೊಟ್ಟೆಯಲ್ಲಿ ಕೂತರೆ ಮಿಡ್ ಮೋಟಾರು. ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವವು ಹೆಚ್ಚಾಗಿ ಹಬ್ ಮೋಟಾರಿನವು. ಲಕ್ಷಗಟ್ಟಲೆ ಬೆಲೆಯ ವಿದೇಶಿ ಬೈಕುಗಳು ಮಿಡ್ ಮೋಟಾರಿನವು. ಮಾಡೆಲ್ ಬದಲಾವಣೆಯ ಇಡೀ ಲೆಕ್ಕ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ. ಹಬ್ ಮೋಟಾರನ್ನು, ಗಾಲಿಯ ಅಳತೆ ಹೊಂದಿದರೆ, ಯಾವ ಫ್ರೇಮಿಗಾದರೂ ಗಾಲಿಯ ಸಮೇತ ಬಿಗಿಯಬಹುದು. ಮಿಡ್ ಮೋಟಾರಿಗೆ ಹಾಗಾಗುವುದಿಲ್ಲ. ಅದರ ಬೋಲ್ಟು ಕೂರುವ ತೊಟ್ಟಿಲನ್ನು ಫ್ರೇಮಿನ ಭಾಗವಾಗಿಯೇ ಮಾಡಿರುತ್ತಾರೆ. ಮೋಟಾರಿನ ಆಕಾರ ಬದಲಾದರೆ ಫ್ರೇಮೂ ಬದಲಾಗಲೇಬೇಕು.

ಒಂದೇ ಬೈಕು, ಐದು ವಯಸ್ಸು

ಮನೆಯ ಲೆಕ್ಕ ಹಿಡಿದರೆ ಇದು ಸಲೀಸು. ಹಬ್ಬಕ್ಕೊಮ್ಮೆ ಸುಣ್ಣ ಬಣ್ಣ. ನಾಲ್ಕಾರು ವರ್ಷಕ್ಕೆ ನಲ್ಲಿ, ವೈರಿಂಗು. ಶಹಾಬಾದ್ ಪರ್ಸಿ ಹಾಸಿದ ನೆಲ ಒಂದು ತಲೆಮಾರು ಬರುತ್ತದೆ. ಬುನಾದಿಗೆ ಯಾರೂ ಕೈ ಹಾಕುವುದಿಲ್ಲ. ಮನೆ ಒಂದೇ, ಅದರ ಭಾಗಗಳ ವಯಸ್ಸು ಬೇರೆ ಬೇರೆ.

ಬೈಕೂ ಹಾಗೆಯೇ. ಬಣ್ಣ ಮತ್ತು ಸ್ಟಿಕ್ಕರ್ ಪ್ರತಿ ವರ್ಷ ಬದಲಾಗುತ್ತವೆ. ಗೇರು, ಬ್ರೇಕು, ಟೈರು ಒಂದೆರಡು ವರ್ಷಕ್ಕೆ. ಫ್ರೇಮಿನ ವಿನ್ಯಾಸ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೆ. ಮೋಟಾರು ಮತ್ತು ಬ್ಯಾಟರಿಯ ಪೀಳಿಗೆ ನಾಲ್ಕೈದು ವರ್ಷಕ್ಕೆ. ಸಾಫ್ಟ್‌ವೇರ್ ಯಾವ ತಿಂಗಳಲ್ಲಾದರೂ. 'ಹೊಸ ಮಾಡೆಲ್' ಎಂಬ ಒಂದೇ ಹೆಸರಿನಡಿ ಈ ಐದರಲ್ಲಿ ಯಾವುದು ಬದಲಾಗಿದೆ ಎಂದು ಅಂಗಡಿಯವರನ್ನು ಬಿಡಿಸಿ ಕೇಳಬೇಕು.

'ಮಾಡೆಲ್ ವರ್ಷ' ಎಂಬ ಮಾತೂ ಕ್ಯಾಲೆಂಡರಿಗೆ ಹೊಂದುವುದಿಲ್ಲ. ಯುರೋಪಿನಲ್ಲಿ ಜನ ಸೈಕಲ್ ಕೊಳ್ಳುವುದು ಚಳಿ ಮುಗಿದ ಮೇಲೆ. ಅದಕ್ಕೆ ಸರಕು ತಯಾರಿರಬೇಕೆಂದು ಕಂಪನಿಗಳು ಮುಂದಿನ ವರ್ಷದ ಮಾಡೆಲನ್ನು ಹಿಂದಿನ ವರ್ಷದ ನಡುವಿನಲ್ಲೇ ತೋರಿಸಿಬಿಡುತ್ತವೆ. 2025ರ ಮಾಡೆಲ್ ಎಂದು ಹೆಸರಿರುವ ಬೈಕು 2024ರಲ್ಲೇ ತಯಾರಾಗಿರುವುದು ಸಹಜ. ಕೊರೋನಾ ಕಾಲದಲ್ಲಿ ಬೇಡಿಕೆ ಏರಿತು, ಕಂಪನಿಗಳು ಮಿತಿಮೀರಿ ತಯಾರಿಸಿದವು, ಆಮೇಲೆ ಗೋದಾಮು ತುಂಬಿ 2023-24ರಲ್ಲಿ ಬೆಲೆ ಬಿತ್ತು. ಅದಾದ ಮೇಲೆ ಹಲವು ಕಂಪನಿಗಳು ವರ್ಷದ ಹೆಸರನ್ನೇ ಕೈಬಿಟ್ಟು, ಒಂದೇ ಮಾಡೆಲನ್ನು ಎರಡು ಮೂರು ವರ್ಷ ನಡೆಸುತ್ತಿವೆ. ಕೊಳ್ಳುವವರಿಗೆ ಇದು ಒಳ್ಳೆಯದೇ ಆಯಿತು.

ಫ್ರೇಮಿಗೆ ಮೂರು ನಾಲ್ಕು ವರ್ಷ ಯಾಕೆ ಬೇಕು

ಹೊಸ ಫ್ರೇಮು ಕಾಗದದಿಂದ ಅಂಗಡಿಗೆ ಬರಲು ಸುಮಾರು ಎರಡರಿಂದ ಮೂರು ವರ್ಷ ಹಿಡಿಯುತ್ತದೆ. ಮೊದಲು ಕಂಪ್ಯೂಟರಿನಲ್ಲಿ ಅಳತೆ, ಆಮೇಲೆ ಕೈಯಲ್ಲಿ ಬೆಸುಗೆ ಹಾಕಿದ ಒಂದೆರಡು ಮಾದರಿ, ಅದರ ಮೇಲೆ ಸವಾರಿ, ತಿದ್ದುಪಡಿ, ಮತ್ತೆ ಮಾದರಿ. ಆಮೇಲೆ, ಪದೇ ಪದೇ ಬಲ ಬಿದ್ದರೂ ತಾಳುತ್ತದೆಯೇ ಎಂದು ನೋಡುವ ಫಟೀಗ್ ಪರೀಕ್ಷೆ. ಐಎಸ್‌ಒ 4210 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿ ಪೆಡಲ್ ತುಳಿಯುವ ಬಲವನ್ನು ಯಂತ್ರದಿಂದ ಫ್ರೇಮಿನ ಮೇಲೆ ಒಂದು ಲಕ್ಷ ಸಲ ಹೇರುತ್ತಾರೆ. ಎಲ್ಲಿಯೂ ಬಿರುಕು ಬಿಡಬಾರದು. ಇಷ್ಟಾದ ಮೇಲೆ ಅಚ್ಚು ಮಾಡಿಸಬೇಕು. ಕಾರ್ಬನ್ ಫ್ರೇಮಾದರೆ ಸಣ್ಣದು, ಮಧ್ಯಮ, ದೊಡ್ಡದು ಎಂಬ ಪ್ರತಿ ಅಳತೆಗೂ ಬೇರೆ ಅಚ್ಚು. ಆ ಖರ್ಚು ಮರಳಿ ಬರಲು ಒಂದೇ ಫ್ರೇಮನ್ನು ಮೂರು ನಾಲ್ಕು ವರ್ಷ ಮಾರಲೇಬೇಕು. ಅವಸರ ಮಾಡಿ ವರ್ಷಕ್ಕೊಂದು ಫ್ರೇಮು ತಂದರೆ ಕಡಿತವಾಗುವುದು ಪರೀಕ್ಷೆಯ ಕಾಲ.

ಸ್ಪೆಷಲೈಸ್ಡ್ ಕಂಪನಿಯ ಲೆವೋ ಬೈಕಿನ ದಾಖಲೆ ನೋಡಿದರೆ ಈ ಲಯ ಕಾಣುತ್ತದೆ. ಮೊದಲನೆಯದು 2015ರಲ್ಲಿ, ಎರಡನೆಯದು 2019ರ ಮಾಡೆಲಾಗಿ, ಮೂರನೆಯದು 2021ರಲ್ಲಿ, ನಾಲ್ಕನೆಯದು 2025ರಲ್ಲಿ. ನಡುವಿನ ವರ್ಷಗಳಲ್ಲಿ ಬಂದದ್ದು ಬಹುಪಾಲು ಬಣ್ಣ ಮತ್ತು ಬಿಡಿಭಾಗ.

ಹತ್ತು ವರ್ಷದ ಹಿಂದೆ ಪ್ರತಿ ಹೊಸ ಫ್ರೇಮೂ ಹಳೆಯದಕ್ಕಿಂತ ಎದ್ದು ಕಾಣುವಷ್ಟು ಉತ್ತಮವಾಗಿರುತ್ತಿತ್ತು. ಮುಂದಿನ ಫೋರ್ಕಿನ ಕೋನ 67 ಡಿಗ್ರಿಯ ಆಸುಪಾಸಿನಿಂದ 64ರ ಆಸುಪಾಸಿಗೆ ಇಳಿಯಿತು. ಕೋನ ಇಳಿದಷ್ಟೂ ಮುಂದಿನ ಗಾಲಿ ಇನ್ನೂ ಮುಂದಕ್ಕೆ ಹೋಗುತ್ತದೆ, ಇಳಿಜಾರಿನಲ್ಲಿ ಮುಗ್ಗರಿಸುವುದು ಕಡಿಮೆಯಾಗುತ್ತದೆ. ಈಗ ಆ ಕೋನ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಇನ್ನೊಂದು ಅರ್ಧ ಡಿಗ್ರಿಗಾಗಿ ಹೊಸ ಫ್ರೇಮು ಕೊಳ್ಳುವುದರಲ್ಲಿ ನಮ್ಮ ಭಾಗದ ಸವಾರರಿಗೆ ಹೆಚ್ಚು ಲಾಭವಿಲ್ಲ.

ನಮಗೆ ನಿಜವಾಗಿ ಬೇಕಾದ ಫ್ರೇಮಿನ ಸುಧಾರಣೆ ಬೇರೆಯದು: ಟೈರು ಮತ್ತು ಫ್ರೇಮಿನ ನಡುವಿನ ಸಂದು. ಬೀದರಿನ ಜಂಬಿಟ್ಟಿಗೆ ನೆಲದಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ, ನೀರು ಬಸಿದು ಹೋಗುತ್ತದೆ. ಕಲಬುರಗಿ, ಯಾದಗಿರಿಯ ಕರಿ ಎರೆ ಹೊಲದ ದಾರಿಯಲ್ಲಿ ಮಾತ್ರ ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಮೆತ್ತಿಕೊಂಡು, ಹೊಟ್ಟು ಹುಲ್ಲು ಸೇರಿ, ಪೆಡಲ್ಲಿನ ಹಿಂದೆ, ಗಾಲಿಯ ಎರಡೂ ಬದಿಗೆ ಹೋಗುವ ಚೈನ್‌ಸ್ಟೇ ಕೊಳವೆಗಳ ನಡುವೆ ಗಾರೆಯಂತೆ ಕಟ್ಟುತ್ತದೆ. ಗಾಲಿ ತಿರುಗುವುದೇ ನಿಲ್ಲುತ್ತದೆ. ಆಗಲೂ ಪೆಡಲ್ ಒತ್ತಿದರೆ ಮೋಟಾರು ತಿರುಗಲಾಗದೆ ಕರೆಂಟು ಎಳೆದು ಬಿಸಿಯಾಗುತ್ತದೆ. ಅಂಗಡಿಯಲ್ಲೇ ಟೈರಿನ ಎರಡೂ ಬದಿಗೆ ಕಿರುಬೆರಳು ತೂರಿಸಿ ನೋಡಿ. ಬೆರಳು ಸಲೀಸಾಗಿ ಹೋದರೆ ಮಳೆಗಾಲಕ್ಕೆ ಆದೀತು. ಹೊಸ ಮಾಡೆಲಿನಲ್ಲಿ ಈ ಸಂದು ಹೆಚ್ಚಾಗಿದ್ದರೆ ಅದಕ್ಕೆ ಹಣ ಕೊಡಬಹುದು.

ಮೋಟಾರು ಬದಲಾದಾಗ ಏನೇನು ಬದಲಾಗುತ್ತದೆ

ಬಾಷ್ ಕಂಪನಿಯ ನಾಲ್ಕನೇ ಪೀಳಿಗೆಯ ಸಿಎಕ್ಸ್ ಮೋಟಾರು 2019ರಲ್ಲಿ, ಐದನೆಯದು 2024ರಲ್ಲಿ ಬಂತು. ಅಂದರೆ ಐದು ವರ್ಷ. ಶಿಮಾನೋ ಕಂಪನಿಯ ಇ8000 ಮೋಟಾರು ಬಂದದ್ದು 2016ರಲ್ಲಿ, ಇಪಿ8 2020ರಲ್ಲಿ, ಇಪಿ801 2022ರಲ್ಲಿ. 2024ರಲ್ಲಿ ಡ್ರೋನ್ ತಯಾರಿಸುವ ಡಿಜೆಐ ಕೂಡ ಅವಿನಾಕ್ಸ್ ಎಂಬ ಮೋಟಾರು ತಂದಿತು. ಹೊಸಬರು ಬಂದ ಮೇಲೆ ಹಳಬರ ಓಟವೂ ಚುರುಕಾಗಿದೆ.

ಮೋಟಾರಿನ ತಿರುಚು ಬಲವನ್ನು, ಅಂದರೆ ಟಾರ್ಕನ್ನು, ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಮಿಡ್ ಮೋಟಾರು 85 ನ್ಯೂಟನ್ ಮೀಟರ್ ಕೊಟ್ಟರೆ ಅದು ಪೆಡಲ್ಲಿನ ಅಚ್ಚಿನಲ್ಲಿ ಸಿಗುವ ಬಲ. ಮುಂದೆ 34 ಹಲ್ಲಿನ ಚಕ್ರ, ಹಿಂದೆ 51 ಹಲ್ಲಿನ ಚಕ್ರ ಹಾಕಿದರೆ ಹಿಂದಿನ ಗಾಲಿಗೆ ಒಂದೂವರೆ ಪಟ್ಟು, ಸುಮಾರು 127 ನ್ಯೂಟನ್ ಮೀಟರ್ ಮುಟ್ಟುತ್ತದೆ. ಹಬ್ ಮೋಟಾರಿಗೆ ಗೇರಿನ ಈ ನೆರವಿಲ್ಲ. ಸುರಪುರದ ಗುಡ್ಡದಂಥ ಏರಿನಲ್ಲಿ ವೇಗ ಇಳಿದಷ್ಟೂ ಅದು ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ, ಒಳಗಿನ ನೈಲಾನ್ ಹಲ್ಲುಗಳು ಸವೆಯುತ್ತವೆ. ಆದರೆ ಆ ನೈಲಾನ್ ಗೇರನ್ನು ಬಿಚ್ಚಿ ಬೇರೆ ಹಾಕಬಹುದು. ಕೆಟ್ಟ ಮಿಡ್ ಮೋಟಾರನ್ನು ಹೆಚ್ಚಿನ ಕಂಪನಿಗಳು ಬಿಚ್ಚಿ ರಿಪೇರಿ ಮಾಡುವುದಿಲ್ಲ, ಇಡೀ ಮೋಟಾರು ಬದಲಿಸುತ್ತವೆ. ಆಗ ಅದೇ ಪೀಳಿಗೆಯ ಮೋಟಾರು ದಾಸ್ತಾನಿನಲ್ಲಿದೆಯೇ ಎಂಬುದೇ ಮುಖ್ಯವಾಗುತ್ತದೆ.

ಇಲ್ಲಿ ಎರಡು ದಾರಿಗಳನ್ನು ಹೋಲಿಸಿ ನೋಡಬೇಕು. ಶಿಮಾನೋ ಇಪಿ8 ತಂದಾಗ ಹಿಂದಿನ ಇ8000 ಮೋಟಾರಿನ ಬೋಲ್ಟುಗಳ ಜಾಗವನ್ನೇ ಉಳಿಸಿಕೊಂಡಿತು. ಬೈಕ್ ಕಂಪನಿಗಳು ಹಳೆ ಅಚ್ಚಿನ ಫ್ರೇಮಿಗೇ ಹೊಸ ಮೋಟಾರು ಕೂರಿಸಬಹುದಾಯಿತು. ಬಾಷ್ 2021ರಲ್ಲಿ ಸ್ಮಾರ್ಟ್ ಸಿಸ್ಟಮ್ ಎಂಬ ಹೊಸ ವ್ಯವಸ್ಥೆ ತಂದಾಗ ಹಳೆ ವ್ಯವಸ್ಥೆಯ ಬ್ಯಾಟರಿ, ಡಿಸ್‌ಪ್ಲೇಗಳು ಅದಕ್ಕೆ ಹೊಂದಲಿಲ್ಲ. ಕಡಿಮೆ ಬೆಲೆಯ ಬೈಕುಗಳಲ್ಲೂ ಈ ತೊಡಕಿದೆ. ಬಾಫಾಂಗ್ ಮೋಟಾರುಗಳು ಹಿಂದೆ ಡಿಸ್‌ಪ್ಲೇ ಜೊತೆ ಮಾತಾಡುತ್ತಿದ್ದ ಭಾಷೆ ಯುಎಆರ್‌ಟಿ, ಈಚಿನವುಗಳದ್ದು ಕ್ಯಾನ್. ಎರಡು ಡಿಸ್‌ಪ್ಲೇಗಳು ನೋಡಲು ಒಂದೇ ತರಹ ಇದ್ದರೂ ಅದರದನ್ನು ಇದಕ್ಕೆ ಸಿಕ್ಕಿಸಿದರೆ ಬೈಕು ಆನ್ ಆಗುವುದಿಲ್ಲ, ಇಲ್ಲವೇ ಎರರ್ ತೋರಿಸಿ ನಿಲ್ಲುತ್ತದೆ.

ಬ್ಯಾಟರಿ: ಎಲ್ಲಕ್ಕಿಂತ ಮೊದಲು ಮುಪ್ಪಾಗುವ ಭಾಗ

ನಮ್ಮಲ್ಲಿ ಸಿಗುವ ಬೈಕುಗಳಲ್ಲಿ 36 ವೋಲ್ಟ್, 10.2 ಆಂಪಿಯರ್ ಅವರ್ ಬ್ಯಾಟರಿ ಸಾಮಾನ್ಯ. ಅದರ ಡಬ್ಬಿ ಬಿಚ್ಚಿದರೆ ಒಳಗೆ ಟಾರ್ಚಿನ ಸೆಲ್ಲಿಗಿಂತ ತುಸು ಉದ್ದನೆಯ 40 ಲಿಥಿಯಂ ಸೆಲ್ಲುಗಳು. ಒಂದೊಂದೂ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದ. ನಾಲ್ಕು ನಾಲ್ಕು ಸೆಲ್ಲು ಕೂಡಿಸಿದ ಗುಂಪು ಹತ್ತು. ಆ ಹತ್ತು ಗುಂಪುಗಳನ್ನು ಒಂದರ ಹಿಂದೊಂದು ಜೋಡಿಸಿ, ಕಾವಲಿಗೆ ಬಿಎಂಎಸ್ ಎಂಬ ಸರ್ಕ್ಯೂಟು ಹಾಕಿರುತ್ತಾರೆ. ವೋಲ್ಟನ್ನು ಆಂಪಿಯರ್ ಅವರಿನಿಂದ ಗುಣಿಸಿದರೆ 367 ವ್ಯಾಟ್ ಅವರ್ ಶಕ್ತಿ. ಒಂದು ಕಿ.ಮೀ.ಗೆ 10 ವ್ಯಾಟ್ ಅವರ್ ಖರ್ಚಾದರೆ ಸುಮಾರು 37 ಕಿ.ಮೀ., ಏರು ಮತ್ತು ಹೊಲದ ದಾರಿಯಲ್ಲಿ 15 ಖರ್ಚಾದರೆ 24 ಕಿ.ಮೀ.

ಹೊಸ ಸೆಲ್ಲುಗಳ ಅಳತೆ 21 ಮತ್ತು 70 ಮಿ.ಮೀ. ಒಂದೊಂದು ಸೆಲ್ಲಿನಲ್ಲಿ ಹೆಚ್ಚು ಶಕ್ತಿ ಹಿಡಿಯುವುದರಿಂದ ವಿದೇಶಿ ಬೈಕುಗಳು 750, 800 ವ್ಯಾಟ್ ಅವರಿಗೆ ಏರಿವೆ. ಆದರೆ ದಪ್ಪ ಸೆಲ್ಲಿಗೆ ದಪ್ಪ ಡಬ್ಬಿ ಬೇಕು, ದಪ್ಪ ಡಬ್ಬಿಗೆ ಫ್ರೇಮಿನ ಕೆಳಕೊಳವೆ ಅಗಲವಾಗಬೇಕು. ಸೆಲ್ಲಿನ ಮೂರು ಮಿಲಿಮೀಟರು ಇಡೀ ಫ್ರೇಮನ್ನೇ ಹೊಸದಾಗಿ ಬರೆಸುತ್ತದೆ.

ಬ್ಯಾಟರಿಗೆ ಎರಡು ಬಗೆಯ ಮುಪ್ಪು. ಚಾರ್ಜ್ ಮಾಡಿ ಬಳಸುವುದರಿಂದ ಬರುವುದು ಒಂದು. 500ರಿಂದ 1,000 ಪೂರ್ತಿ ಚಾರ್ಜಿಗೆ ಶಕ್ತಿ ನೂರಕ್ಕೆ ಸುಮಾರು 80 ಭಾಗಕ್ಕೆ ಇಳಿಯುತ್ತದೆ. ಸುಮ್ಮನೆ ಇಟ್ಟರೂ ಬರುವುದು ಇನ್ನೊಂದು. ಶಾಖ 10 ಡಿಗ್ರಿ ಏರಿದರೆ ಈ ಎರಡನೆಯ ಮುಪ್ಪಿನ ವೇಗ ಸುಮಾರು ಎರಡು ಪಟ್ಟಾಗುತ್ತದೆ. ನೆರಳಿನಲ್ಲೇ 42 ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಪೂರ್ತಿ ಚಾರ್ಜಾಗಿ ನಿಂತ ಬ್ಯಾಟರಿ, ಒಂದು ಕಿಲೋಮೀಟರೂ ಓಡದೆ ಸವೆಯುತ್ತದೆ. ಅದಕ್ಕೇ ಹಳೆ ಸ್ಟಾಕಿನ ಬೈಕಿನಲ್ಲಿ ಫ್ರೇಮು ಹೊಸದಿರಬಹುದು, ಬ್ಯಾಟರಿ ಹೊಸದಿರಲಾರದು. ಬಿಸಿಲಿಳಿದ ಮೇಲೆ ಬೈಕು ತಂದ ಕೂಡಲೇ ಚಾರ್ಜಿಗೆ ಹಾಕುವುದೂ ಬೇಡ. ರಾತ್ರಿ ಊಟವಾದ ಮೇಲೆ, ಬ್ಯಾಟರಿ ಮುಟ್ಟಿದರೆ ತಣ್ಣಗಿರುವಾಗ ಹಾಕಬೇಕು. 40 ಡಿಗ್ರಿ ಮೀರಿದ ಸೆಲ್ಲನ್ನು ಚಾರ್ಜ್ ಮಾಡಬಾರದು.

ಬ್ಯಾಟರಿ ಸತ್ತಾಗ ಹೊಸದನ್ನು ತರಿಸುವುದು ಜಿಲ್ಲಾ ಕೇಂದ್ರಗಳಲ್ಲಿ ಸುಲಭವಿಲ್ಲ. ಲಿಥಿಯಂ ಬ್ಯಾಟರಿ ಸಾಗಣೆಯ ನಿಯಮದಲ್ಲಿ ಅಪಾಯಕಾರಿ ಸರಕು, ಹಾಗಾಗಿ ಎಲ್ಲ ಕೊರಿಯರಿನವರೂ ಹಿಡಿಯುವುದಿಲ್ಲ. ಮಾಡೆಲ್ ಬದಲಾಗಿ ಡಬ್ಬಿಯ ಆಕಾರವೂ ಬದಲಾಗಿದ್ದರೆ ಕಷ್ಟ ಇಮ್ಮಡಿ. ಹಳೆ ಡಬ್ಬಿಯಲ್ಲಿ ಹೊಸ ಸೆಲ್ಲು ಕೂರಿಸಿ ಕೊಡುವವರಿದ್ದಾರೆ. ಮಾಡಿಸುವುದಾದರೆ 40 ಸೆಲ್ಲೂ ಒಂದೇ ಕಂಪನಿಯ ಒಂದೇ ಬ್ಯಾಚಿನವಾಗಿರಬೇಕು, ನಿಕ್ಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿರಬೇಕು. ಸೆಲ್ಲಿನ ಮೇಲೆ ನೇರ ಸೋಲ್ಡರ್ ಹಾಕಿದರೆ ಆ ಶಾಖಕ್ಕೆ ಒಳಪದರ ಕೆಡುತ್ತದೆ, ಮುಂದೆ ಬೆಂಕಿಗೂ ಕಾರಣವಾಗಬಹುದು. ಹಳೆ ಸೆಲ್ಲು, ಹೊಸ ಸೆಲ್ಲು ಬೆರೆಸಿದರೆ ಬಲಹೀನ ಗುಂಪು ಮೊದಲು ಖಾಲಿಯಾಗಿ ಬಿಎಂಎಸ್ ನಡುದಾರಿಯಲ್ಲೇ ಕರೆಂಟು ಕಡಿಯುತ್ತದೆ.

ಯುರೋಪಿನ 2023ರ ಬ್ಯಾಟರಿ ಕಾನೂನು ಇದಕ್ಕೆ ಒಂದು ಗೆರೆ ಹಾಕಿದೆ. 2027ರ ಫೆಬ್ರವರಿ 18ರಿಂದ ಇಂಥ ಹಗುರ ವಾಹನಗಳ ಬ್ಯಾಟರಿಯನ್ನು ಹೊರಗಿನ ಮೆಕ್ಯಾನಿಕ್ಕೂ ಬಿಚ್ಚಿ ಬದಲಿಸುವಂತಿರಬೇಕು, ಒಳಗಿನ ಬಿಡಿ ಸೆಲ್ಲಿಗೂ ಇದೇ ನಿಯಮ. ಮಾಡೆಲಿನ ಕೊನೆಯ ಬೈಕು ಮಾರುಕಟ್ಟೆಗೆ ಬಂದ ಮೇಲೆ ಕನಿಷ್ಠ ಐದು ವರ್ಷ ಅದರ ಬ್ಯಾಟರಿ ಬಿಡಿಭಾಗವಾಗಿ ಸಿಗಬೇಕು. ಇದು ಅಲ್ಲಿಯ ಕಾನೂನು. ಆದರೂ ಅಲ್ಲಿಗೂ ಇಲ್ಲಿಗೂ ಒಂದೇ ಬೈಕು ಮಾರುವ ಕಂಪನಿಗಳ ವಿನ್ಯಾಸದ ಮೇಲೆ ಇದರ ಪರಿಣಾಮವಿದ್ದೇ ಇರುತ್ತದೆ.

ಬಿಡಿಭಾಗ ಮತ್ತು ಸಾಫ್ಟ್‌ವೇರ್

ಬಿಡಿಭಾಗದಲ್ಲಿ ಗಮನಿಸಬೇಕಾದದ್ದು ಅಳತೆಗಳು. ಹಿಂದಿನ ಗಾಲಿಯ ಹಬ್ಬಿನ ಅಗಲ 135 ಮಿ.ಮೀ. ಇದ್ದದ್ದು 142 ಆಯಿತು, ಹತ್ತು ವರ್ಷದಿಂದೀಚೆಗೆ ದುಬಾರಿ ಬೈಕುಗಳಲ್ಲಿ 148 ಆಗಿದೆ. ಒಂದರ ಗಾಲಿ ಇನ್ನೊಂದಕ್ಕೆ ಕೂರುವುದಿಲ್ಲ. ಗೇರ್ ಬದಲಿಸಲು ಚೈನನ್ನು ಸರಿಸುವ ಡಿರೈಲರನ್ನು ನೇತುಹಾಕುವ ಹ್ಯಾಂಗರ್ ಎಂಬ ಸಣ್ಣ ಅಲ್ಯೂಮಿನಿಯಂ ತುಂಡು ಇನ್ನೂ ಕಾಡುತ್ತದೆ. ಬೈಕು ಬಲಕ್ಕೆ ಬಿದ್ದರೆ ಫ್ರೇಮು ಉಳಿಯಲೆಂದು ಅದೇ ಮೊದಲು ಬಾಗುತ್ತದೆ. ಪ್ರತಿ ಮಾಡೆಲಿಗೂ ಅದರ ಆಕಾರ ಬೇರೆ. 2019ರಲ್ಲಿ ಸ್ರಾಮ್ ಕಂಪನಿ, ಎಲ್ಲ ಬೈಕ್ ಕಂಪನಿಗಳೂ ಬಳಸಬಹುದಾದ ಯುಡಿಎಚ್ ಎಂಬ ಒಂದೇ ಅಳತೆಯ ಹ್ಯಾಂಗರ್ ತಂದ ಮೇಲೆ ದುಬಾರಿ ಬೈಕುಗಳಲ್ಲಿ ಈ ಗೋಳು ಕಡಿಮೆಯಾಗಿದೆ. ಇತ್ತೀಚಿನ ಬದಲಾವಣೆಗಳಲ್ಲಿ ಸವಾರರಿಗೆ ಇಷ್ಟು ಉಪಕಾರ ಮಾಡಿದ್ದು ಬಹಳ ಕಡಿಮೆ.

ಸಾಫ್ಟ್‌ವೇರ್ ಮಾತು ಸಣ್ಣದು. ಬಾಷಿನ ಐದನೇ ಪೀಳಿಗೆಯ ಮೋಟಾರಿಗೆ 2025ರಲ್ಲಿ ಫೋನಿನ ಆ್ಯಪ್ ಮೂಲಕವೇ 85ರಿಂದ 100 ನ್ಯೂಟನ್ ಮೀಟರಿಗೆ ಏರಿಸುವ ಅವಕಾಶ ಬಂತು. ಬೈಕು ಅದೇ, ಫ್ರೇಮು ಅದೇ, ಬಲ ಹೆಚ್ಚು. ಹಾಗೆ ಏರಿಸಿಕೊಂಡರೆ ಚೈನು ಬೇಗ ಸವೆಯುತ್ತದೆ, ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಹಾಗಾದರೆ ಎಷ್ಟು ವರ್ಷಕ್ಕೊಮ್ಮೆ ಸರಿ?

ಬಣ್ಣ ಯಾವಾಗ ಬೇಕಾದರೂ ಬದಲಾಗಲಿ. ಫ್ರೇಮು ನಾಲ್ಕು ವರ್ಷಕ್ಕೊಮ್ಮೆ, ಮೋಟಾರು ನಾಲ್ಕೈದು ವರ್ಷಕ್ಕೊಮ್ಮೆ ಬದಲಾದರೆ ಪರೀಕ್ಷೆಗೂ ಕಾಲ ಸಿಗುತ್ತದೆ, ಬದಲಾವಣೆಯಲ್ಲೂ ಸತ್ವ ಇರುತ್ತದೆ. ಬ್ಯಾಟರಿ ಕೂರುವ ಗೂಡು ಮತ್ತು ಕನೆಕ್ಟರ್ ಮಾತ್ರ ಎಂಟು ಹತ್ತು ವರ್ಷ ಕದಲಬಾರದು. ಒಂದು ಬ್ಯಾಟರಿ ನಾಲ್ಕೈದು ವರ್ಷ ಬಾಳುತ್ತದೆ ಎಂದರೂ, ಅದೇ ಬೈಕಿಗೆ ಎರಡನೇ ಬ್ಯಾಟರಿ ಹಾಕಿ ಅದನ್ನೂ ಸವೆಸುವಷ್ಟು ಕಾಲ ಸಿಗಬೇಕಲ್ಲ.

ಸುರಕ್ಷತೆಯ ದೋಷಕ್ಕೆ ಈ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಬೆಸುಗೆ ಬಿರುಕು ಬಿಟ್ಟರೆ, ಬ್ಯಾಟರಿಗೆ ನೀರಿಳಿದರೆ ಮುಂದಿನ ಮಾಡೆಲಿಗೆ ಕಾಯದೆ ಕಾರ್ಖಾನೆ ಸಾಲಿನಲ್ಲೇ ತಿದ್ದಬೇಕು. ಇದನ್ನು ರನ್ನಿಂಗ್ ಚೇಂಜ್ ಎನ್ನುತ್ತಾರೆ. ಒಂದೇ ಹೆಸರಿನ, ಒಂದೇ ಬಣ್ಣದ ಎರಡು ಬೈಕುಗಳ ಒಳಗೆ ಬೇರೆ ಬೇರೆ ಭಾಗ ಇರುವುದು ಇದರಿಂದಲೇ. ಪೆಡಲ್ ಅಚ್ಚಿನ ಕೆಳಗೆ ಇಲ್ಲವೇ ಹ್ಯಾಂಡಲ್ ಕೆಳಗಿನ ಫ್ರೇಮಿನ ಕೊಳವೆಯ ಮೇಲೆ ಕೊರೆದ ಸೀರಿಯಲ್ ನಂಬರಿನ ಫೋಟೋ ತೆಗೆದಿಟ್ಟುಕೊಂಡರೆ ಬಿಡಿಭಾಗ ತರಿಸುವಾಗ ತಪ್ಪಾಗುವುದಿಲ್ಲ.

ವರ್ಷಗಟ್ಟಲೆ ಏನೂ ಬದಲಿಸದೆ ಕೂರುವುದೂ ಒಳ್ಳೆಯದಲ್ಲ. ಹಳೆ ಅಳತೆಯ ಒಳ್ಳೆ ಗಾಲಿ, ಒಳ್ಳೆ ಫೋರ್ಕು ತಯಾರಾಗುವುದೇ ನಿಂತುಹೋಗುತ್ತದೆ, ಹಳೆ ಸೆಲ್ಲಿನ ಉತ್ಪಾದನೆಯೂ ಕಡಿಮೆಯಾಗುತ್ತದೆ.

ರಿಯಾಯಿತಿಯ ಬೈಕು ಮುಂದಿದ್ದಾಗ

ಮೊದಲು ಬ್ಯಾಟರಿಯ ಚೀಟಿಯಲ್ಲಿ ತಯಾರಿಕೆಯ ತಿಂಗಳು ನೋಡಿ. ಒಂದೂವರೆ ವರ್ಷ ದಾಟಿದ್ದರೆ ಬೆಲೆಯನ್ನು ಅದಕ್ಕೆ ತಕ್ಕಂತೆ ಮಾತಾಡಿ. ಆಮೇಲೆ ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಬ್ಯಾಟರಿಯ ಕೀಲಿ ಆನ್ ಮಾಡಿ, ಎರಡು ಪಿನ್ನಿಗೆ ತಾಗಿಸಿ. ತುದಿಗಳು ಒಂದಕ್ಕೊಂದು ತಾಗದಂತೆ ಎಚ್ಚರ. ಗೋದಾಮಿನಿಂದ ಬಂದ 36 ವೋಲ್ಟಿನ ಬ್ಯಾಟರಿ 36ರ ಆಸುಪಾಸು ತೋರಿಸಬೇಕು. 30ಕ್ಕಿಂತ ಕಡಿಮೆ ತೋರಿಸಿದರೆ ಅದು ತಿಂಗಳುಗಟ್ಟಲೆ ಚಾರ್ಜು ಕಾಣದೆ ಹಸಿದಿದೆ, ಬೇರೆ ಬ್ಯಾಟರಿ ಕೇಳಿ. ಪೂರ್ತಿ ಚಾರ್ಜ್ ಮಾಡಿದರೆ 42 ವೋಲ್ಟಿನ ಹತ್ತಿರ ಬರಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದಾಗ 41ಕ್ಕಿಂತ ಕೆಳಗಿಳಿದಿದ್ದರೆ ಯಾವುದೋ ಗುಂಪಿನ ಸೆಲ್ಲು ಸೋರುತ್ತಿದೆ.

ಬಿಲ್ಲಿನಲ್ಲಿ ಬ್ಯಾಟರಿಯ ವಾರಂಟಿ ತಯಾರಿಕೆಯ ದಿನದಿಂದಲೋ, ಮಾರಾಟದ ದಿನದಿಂದಲೋ ಎಂದು ಬರೆಸಿಕೊಳ್ಳಿ. ಈ ವರ್ಷದ ಮಾಡೆಲಿನ ಬ್ಯಾಟರಿಯನ್ನು ತೆಗೆದು ಹೋದ ವರ್ಷದ ಬೈಕಿಗೆ ಅಂಗಡಿಯಲ್ಲೇ ಕೂರಿಸಿ ನೋಡಿ. ಕ್ಲಿಕ್ ಎಂದು ಕೂತು, ಡಿಸ್‌ಪ್ಲೇ ಹೊತ್ತಿ, ಗಾಲಿ ಎತ್ತಿ ಪೆಡಲ್ ತಿರುಗಿಸಿದಾಗ ಮೋಟಾರು ತಿರುಗಿದರೆ ಹಳೆ ಮಾಡೆಲಿಗೆ ಇನ್ನೂ ಕೆಲವು ವರ್ಷ ಬ್ಯಾಟರಿಯ ಚಿಂತೆಯಿಲ್ಲ, ರಿಯಾಯಿತಿ ನಿಜವಾದ ಉಳಿತಾಯ. ಕೂರದಿದ್ದರೆ, ರಿಯಾಯಿತಿಯ ಮೊತ್ತ ಒಂದು ಹೊಸ ಬ್ಯಾಟರಿಯ ಬೆಲೆಯ ಅರ್ಧವಾದರೂ ಇರಬೇಕು. ಎರಡು ಹ್ಯಾಂಗರು ಅವತ್ತೇ ಕೇಳಿ ಇಟ್ಟುಕೊಳ್ಳಿ, ಆ ಮಾಡೆಲ್ ನಿಂತ ಮೇಲೆ ಹೈದರಾಬಾದು, ಪುಣೆ ತಿರುಗಿದರೂ ಅದು ಸಿಗುವುದು ಕಷ್ಟ.